ಪೆಟ್ಟಿಗೆಯಲ್ಲಿ ಬಂದ ಗುರುತಿಲ್ಲದ ತರಕಾರಿ: ಯಾವುದು ಮುದ್ದಿ ಪಲ್ಯಕ್ಕೆ, ಯಾವುದು ಪಚಡಿಗೆ?

ಪ್ರಶ್ನೆ: ನಾವು ನ್ಯೂ ಹ್ಯಾಂಪ್‌ಶೈರ್‌ನ ನಾಶುವಾದಲ್ಲಿದ್ದೇವೆ. ಊರು ಗದಗ. ಪಕ್ಕದ ಮನೆಯವರು ಪ್ರತಿ ವರ್ಷ ಒಂದು ಹೊಲದಲ್ಲಿ ಸಿಎಸ್‌ಎ ಪಾಲು ತಗೊಳ್ತಾರೆ. ಚಳಿ ಮುಗಿಯುವ ಮುಂಚೆಯೇ ದುಡ್ಡು ಕಟ್ಟಬೇಕು, ಜೂನ್‌ನಿಂದ ವಾರಕ್ಕೊಂದು ಪೆಟ್ಟಿಗೆ ತರಕಾರಿ ಬರುತ್ತದೆ. ಹೋದ ವರ್ಷ ಅವರು ರಜೆಗೆ ಹೋದಾಗ ಒಂದು ವಾರದ ಪೆಟ್ಟಿಗೆ ನಮಗೆ ಕೊಟ್ಟಿದ್ದರು. ಅದರಲ್ಲಿ ಅರ್ಧದಷ್ಟಕ್ಕೆ ನನಗೆ ಗುರುತೇ ಸಿಗಲಿಲ್ಲ. ಕೇಲ್ ಅನ್ನುವ ಸೊಪ್ಪಿನ ಪಲ್ಯ ಮಾಡಿದೆ, ಹಗ್ಗ ಅಗಿದ ಹಾಗಿತ್ತು. ಒಂದು ಹಸಿರು ಗಡ್ಡೆ ಫ್ರಿಜ್ಜಿನಲ್ಲೇ ಒಣಗಿಹೋಯಿತು. ಈ ಮೇ ತಿಂಗಳಲ್ಲಿ ಅತ್ತೆ ಮಾವ ಬರ್ತಾರೆ, ಆರು ತಿಂಗಳು ಇರ್ತಾರೆ. ಅವರಿಗೆ ದಿನಾ ರೊಟ್ಟಿ ಪಲ್ಯ ಬೇಕು. ಮಾವ ಊರಲ್ಲಿ ಹೊಲ ಮಾಡಿದವರು, ಇಲ್ಲಿ ಅವರಿಗೆ ಹೊತ್ತು ಹೋಗುವುದಿಲ್ಲ. ನಾವು ಸೇರಬಹುದಾ ಮೇಡಂ? ಸೇರಿದರೆ ಈ ತರಕಾರಿಗಳನ್ನು ಏನು ಮಾಡಲಿ?

ಉತ್ತರ: ಸೇರಿ. ಆದರೆ ಮೊದಲ ವರ್ಷ ಪೂರ್ತಿ ಪಾಲು ಬೇಡ, ಅರ್ಧ ಪಾಲು ಸಾಕು. ನೀವು ನೋಡಿದ ಹೊಲದಲ್ಲಿ ಅರ್ಧ ಪಾಲು ಇಲ್ಲದಿದ್ದರೆ ಇನ್ನೊಂದು ಮನೆಯ ಜೊತೆ ಹಂಚಿಕೊಳ್ಳಿ. ನಾನು 14 ವರ್ಷದಿಂದ ಪಕ್ಕದ ಮ್ಯಾಸಚೂಸೆಟ್ಸ್‌ನಲ್ಲಿ ಒಂದು ಹೊಲದ ಪಾಲುದಾರಳು. ನಮ್ಮ ಕಡೆಯ ಎಷ್ಟೋ ಮನೆಗಳು ಉತ್ಸಾಹದಿಂದ ಪೂರ್ತಿ ಪಾಲು ತಗೊಂಡು, ಆಗಸ್ಟ್ ಹೊತ್ತಿಗೆ ಸುಸ್ತಾಗಿ ಬಿಟ್ಟಿದ್ದನ್ನು ನೋಡಿದ್ದೇನೆ. ಅರ್ಧ ಪಾಲಿನವರು ಮಾತ್ರ ಮರುವರ್ಷ ಮತ್ತೆ ಬರುತ್ತಾರೆ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಒಂದು ದುಡ್ಡಿನದು, ಒಂದು ಒಲೆಯದು. ಒಲೆಯದೇ ದೊಡ್ಡದು, ಹಾಗಾಗಿ ದುಡ್ಡಿನದನ್ನು ಮೊದಲು ಮುಗಿಸುತ್ತೇನೆ.

ಸಿಎಸ್‌ಎ (ಕಮ್ಯುನಿಟಿ ಸಪೋರ್ಟೆಡ್ ಅಗ್ರಿಕಲ್ಚರ್) ಅಂದರೆ ಹೊಲದ ಬೆಳೆಯಲ್ಲಿ ಒಂದು ಪಾಲು. ಬೀಜ, ಗೊಬ್ಬರ, ಕೂಲಿಗೆ ರೈತರಿಗೆ ದುಡ್ಡು ಬೇಕಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಬೆಳೆ ಮಾರಿ ದುಡ್ಡು ಕೈಗೆ ಬರುವುದು ಬೇಸಿಗೆ ನಡುವಿಗೆ. ಆ ನಾಲ್ಕೈದು ತಿಂಗಳಿಗೆ ಸಾಲ ಮಾಡುವ ಬದಲು, ಬೆಳೆ ತಿನ್ನುವವರೇ ಮುಂಗಡ ಕೊಡುತ್ತಾರೆ. ನಿಮ್ಮ ಮಾವನವರಿಗೆ ಹೇಳಿ ನೋಡಿ, ಅವರಿಗೆ ಒಂದೇ ಮಾತಿಗೆ ಅರ್ಥವಾಗುತ್ತದೆ. ಮುಂಗಾರಿಗೆ ಮುಂಚೆ ಬೀಜಕ್ಕಾಗಿ ಅಲೆಯುವುದು ಅವರಿಗೆ ಗೊತ್ತಿರುವ ಕಷ್ಟವೇ.

ನೀವಿರುವ ಜಾಗಕ್ಕೂ ಇದಕ್ಕೂ ಹಳೆಯ ನಂಟಿದೆ. ನಾಶುವಾದಿಂದ ಸುಮಾರು ಅರ್ಧ ಗಂಟೆ ಕಾರಿನ ದಾರಿಯಲ್ಲಿ ವಿಲ್ಟನ್ ಇದೆ ಅಲ್ವಾ? ಅಲ್ಲಿನ ಟೆಂಪಲ್-ವಿಲ್ಟನ್ ಕಮ್ಯುನಿಟಿ ಫಾರ್ಮ್ 1986ರಲ್ಲಿ ಶುರುವಾಯಿತು. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಸೌತ್ ಎಗ್ರೆಮಾಂಟ್‌ನಲ್ಲಿ ರಾಬಿನ್ ವ್ಯಾನ್ ಎನ್ ಅವರ ಇಂಡಿಯನ್ ಲೈನ್ ಫಾರ್ಮ್ ತರಕಾರಿ ಪಾಲು ಹಂಚಿತು. ಅಮೆರಿಕದಲ್ಲಿ ಸಿಎಸ್‌ಎ ಹೆಸರಿನ ಪದ್ಧತಿ ಹುಟ್ಟಿದ್ದು ಈ ಎರಡು ಹೊಲಗಳಿಂದ. ಅದಕ್ಕೂ ಮುಂಚೆಯೇ ಅಲಬಾಮಾದ ಟಸ್ಕೀಗಿಯಲ್ಲಿ ಪ್ರೊಫೆಸರ್ ಬೂಕರ್ ವಾಟ್ಲಿ, ಸಣ್ಣ ರೈತರು ಗಿರಾಕಿಗಳನ್ನು ಸದಸ್ಯರನ್ನಾಗಿ ಮಾಡಿಕೊಂಡು ಮುಂಗಡ ಪಡೆಯಬೇಕು ಅಂತ ಹೇಳುತ್ತಿದ್ದರು. ಜಪಾನ್‌ನಲ್ಲಿ 1970ರ ದಶಕದಲ್ಲೇ ಮನೆಮಂದಿ ಮತ್ತು ರೈತರು ಸೇರಿ 'ತೇಕೇ' ಅನ್ನುವ ಇದೇ ರೀತಿಯ ಒಪ್ಪಂದ ನಡೆಸುತ್ತಿದ್ದರು. ವಿಲ್ಟನ್ ಹೊಲದ ಕ್ರಮ ನನಗೆ ತುಂಬ ಇಷ್ಟ. ಅಲ್ಲಿ ಎಲ್ಲರಿಗೂ ಒಂದೇ ದರ ಅಂತ ಇಲ್ಲ. ಹೊಲದ ಆ ವರ್ಷದ ಖರ್ಚನ್ನು ಸದಸ್ಯರ ಮುಂದೆ ಇಡುತ್ತಾರೆ. ಯಾರಿಗೆ ಎಷ್ಟು ಕೊಡಲು ಆಗುತ್ತದೋ ಅಷ್ಟು ಒಪ್ಪಿಕೊಳ್ಳುತ್ತಾರೆ. ಖರ್ಚು ತುಂಬಿದರೆ ಸರಿ.

ಪಾಲು ಅಂದ ಮೇಲೆ ನಷ್ಟದಲ್ಲೂ ಪಾಲು. ಇದನ್ನು ಮನಸ್ಸಿಗೆ ತಂದುಕೊಂಡೇ ದುಡ್ಡು ಕಟ್ಟಿ. 2023ರ ಫೆಬ್ರವರಿಯಲ್ಲಿ ಬಂದ ಕಡು ಚಳಿಗೆ ನ್ಯೂ ಇಂಗ್ಲೆಂಡಿನ ಪೀಚ್ ಮೊಗ್ಗುಗಳು ಮರದಲ್ಲೇ ಸತ್ತವು. ಆ ಬೇಸಿಗೆ ಪೀಚ್ ಕಣ್ಣಿಗೆ ಬಿದ್ದಿದ್ದೇ ಕಮ್ಮಿ. ಅದೇ ಜುಲೈನಲ್ಲಿ ವರ್ಮಾಂಟ್ ಮತ್ತು ಪಶ್ಚಿಮ ಮ್ಯಾಸಚೂಸೆಟ್ಸ್‌ನಲ್ಲಿ ನದಿಗಳು ಉಕ್ಕಿ, ಬೆಳೆದು ನಿಂತ ಹೊಲಗಳು ಮುಳುಗಿದವು. ಪ್ರವಾಹದ ನೀರು ತಾಗಿದ ತರಕಾರಿಯನ್ನು ಮಾರುವಂತಿಲ್ಲ, ಹಾಗಾಗಿ ಕಣ್ಣಿಗೆ ಚೆನ್ನಾಗಿ ಕಂಡ ಬೆಳೆಯೂ ಹೋಯಿತು. ಅಂಥ ವರ್ಷ ಪೆಟ್ಟಿಗೆ ಹಗುರ ಇರುತ್ತದೆ, ಕಟ್ಟಿದ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ದುಡ್ಡು ಕಟ್ಟುವ ಮುಂಚೆ ಹೊಲದವರನ್ನು ನಾಲ್ಕು ಮಾತು ಕೇಳಿ. ಹೋದ ವರ್ಷ ವಾರವಾರಕ್ಕೆ ಏನೇನು ಕೊಟ್ಟರು, ಆ ಪಟ್ಟಿ ಇದೆಯಾ? ಎಲ್ಲ ನಿಮ್ಮ ಹೊಲದ್ದೇನಾ, ಬೇರೆ ಕಡೆಯಿಂದ ತಂದಿದ್ದೂ ಇರುತ್ತದಾ? ಬೇಡದ ತರಕಾರಿ ಇಟ್ಟು ಬೇಕಾದ್ದನ್ನು ತೆಗೆದುಕೊಳ್ಳುವ ಬುಟ್ಟಿ ಇದೆಯಾ? ದುಡ್ಡನ್ನು ಕಂತಿನಲ್ಲಿ ಕಟ್ಟಬಹುದಾ? ಮೊದಲನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಆ ಪಟ್ಟಿ ಕೈಗೆ ಸಿಕ್ಕರೆ ನಿಮ್ಮ ಜೂನ್‌ನಿಂದ ಅಕ್ಟೋಬರ್‌ವರೆಗಿನ ಅಡುಗೆ ಕಣ್ಣ ಮುಂದೆ ಬಂದುಬಿಡುತ್ತದೆ. ಒಟ್ಟು ದುಡ್ಡನ್ನು ವಾರಗಳಿಂದ ಭಾಗಿಸಿ, ನಿಮ್ಮ ಈಗಿನ ವಾರದ ತರಕಾರಿ ಖರ್ಚಿನ ಪಕ್ಕ ಇಟ್ಟು ನೋಡಿ. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವನ್ನು ನೀವು ಅಂಗಡಿಯಿಂದ ತರುವುದು ಹೇಗೂ ತಪ್ಪುವುದಿಲ್ಲ. ಆ ಖರ್ಚನ್ನೂ ಸೇರಿಸಿಕೊಳ್ಳಿ.

ಇನ್ನೊಂದು ಮಾತು. ಮನೆ ಬಾಗಿಲಿಗೆ ತಂದುಕೊಡುವ ಅನುಕೂಲ ಇದ್ದರೂ ಈ ವರ್ಷ ಅದನ್ನು ತಗೋಬೇಡಿ. ಹೊಲಕ್ಕೇ ಹೋಗಿ ತರುವ ಪಾಲು ಹಿಡಿಯಿರಿ, ಮಾವನವರನ್ನು ಕರೆದುಕೊಂಡು ಹೋಗಿ. ಬೀನ್ಸ್, ಚೆರಿ ಟೊಮ್ಯಾಟೊವನ್ನು ನಾವೇ ಸಾಲಿನಲ್ಲಿ ಬಿಡಿಸಿಕೊಳ್ಳಲು ಬಿಡುವ ಹೊಲಗಳು ಎಷ್ಟೋ ಇವೆ. ಊರಿಂದ ಬಂದ ಹಿರಿಯರು ಇಲ್ಲಿ ನಾಲ್ಕು ಗೋಡೆಯ ಮಧ್ಯೆ ಕೂತು ಬೇಸರ ಪಡುತ್ತಾರೆ. ವಾರಕ್ಕೊಮ್ಮೆ ಮಣ್ಣು ಮುಟ್ಟಿ, ಅಲ್ಲಿಯ ರೈತರ ಜೊತೆ ಕೈಸನ್ನೆಯಲ್ಲೇ ಬೀಜ, ಬೆಳೆ ಅಂತ ಮಾತಾಡಿ ಬಂದರೆ ಅವರ ಮುಖವೇ ಬೇರೆ. ನನ್ನ ತಂದೆ ಸಕಲೇಶಪುರದಿಂದ ಬಂದಿದ್ದಾಗ ಇದನ್ನು ಕಣ್ಣಾರೆ ಕಂಡಿದ್ದೇನೆ. ಆ ಐದು ತಿಂಗಳಲ್ಲಿ ಅವರು ಒಂದು ಗುರುವಾರವನ್ನೂ ತಪ್ಪಿಸಲಿಲ್ಲ.

ಈಗ ಒಲೆಯ ಮಾತು.

ಮೊದಲ ವರ್ಷ ನಾನೂ ನಿಮ್ಮ ಹಾಗೇ ಮಾಡಿದೆ. ಪೆಟ್ಟಿಗೆ ಬಂದ ತಕ್ಷಣ ಒಂದೊಂದರ ಹೆಸರು ಹುಡುಕಿ, ಆ ಹೆಸರಿನ ಅಡುಗೆ ಹುಡುಕುತ್ತಿದ್ದೆ. ಸಿಗುತ್ತಿದ್ದದ್ದು ಓವನ್‌ನಲ್ಲಿ ಬೇಯಿಸುವುದು, ಬೆಣ್ಣೆ, ಚೀಸ್. ಎರಡು ದಿನ ತಿಂದು ಮೂರನೇ ದಿನ ಮನೆಯವರು ಅನ್ನ ಸಾರು ಕೇಳಿದರು. ಉಳಿದ ಸೊಪ್ಪು ಕೊಳೆಯಿತು. ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಬೆಳೆದವರನ್ನು ನೆನೆದು. ಆಮೇಲೆ ಹೆಸರು ಹುಡುಕುವುದನ್ನೇ ಬಿಟ್ಟೆ. ಈಗ ನಾನು ತರಕಾರಿಯನ್ನು ಕೇಳುವುದು ಮೂರೇ ಮಾತು. ನೀನು ಸೊಪ್ಪಾ, ಗಡ್ಡೆಯಾ, ಕಾಯಾ? ನಿನ್ನಲ್ಲಿ ನೀರು ಎಷ್ಟು? ಹಸಿಯಾಗಿ ಕಚ್ಚಿದರೆ ಏನು ರುಚಿ: ಸಿಹಿ, ಕಹಿ, ಹುಳಿ, ಘಾಟು? ಈ ಮೂರು ಗೊತ್ತಾದರೆ ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಜಾಗ ಇದ್ದೇ ಇರುತ್ತದೆ. ಬೇರೆಯವರ ಅಡುಗೆ ಕಲಿಯಬೇಕಾಗಿಲ್ಲ.

ನಮ್ಮವರು ಹಿಂದೆ ಮಾಡಿದ್ದೂ ಇದನ್ನೇ. ಟೊಮ್ಯಾಟೊ, ಆಲೂಗಡ್ಡೆ, ಮೆಣಸಿನಕಾಯಿ ಯಾವುದೂ ನಮ್ಮ ನೆಲದ್ದಲ್ಲ. ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಇವತ್ತಿಗೂ ಆಲೂಗಡ್ಡೆ, ಕೋಸು, ಟೊಮ್ಯಾಟೊ ಹಾಕುವುದಿಲ್ಲ. ಅವು ತಡವಾಗಿ ಬಂದವು ಅನ್ನುವ ನೆನಪು ಅಲ್ಲಿ ಉಳಿದಿದೆ. ಸೀಮೆ ಬದನೆಕಾಯಿಯ ಹೆಸರಲ್ಲೇ 'ಸೀಮೆ' ಇದೆ, ಹೊರಗಿಂದ ಬಂದದ್ದು ಅಂತ. ಅದನ್ನು ಕಂಡವರು ನೀರು ಜಾಸ್ತಿ, ಮೆತ್ತಗಿನ ಕಾಯಿ ಅಂತ ನೋಡಿ ಹುಳಿಗೆ, ಪಲ್ಯಕ್ಕೆ ಹಾಕಿದರು. ನೀವು ಝುಕಿನಿ ಅನ್ನುವ ಸೌತೆಯಂಥ ಕಾಯಿಗೆ ಮಾಡಬೇಕಾಗಿರುವುದೂ ಅಷ್ಟೇ.

ಇನ್ನು ನಿಮ್ಮ ಕೇಲ್. ಅದು ಹಗ್ಗ ಆಗಿದ್ದಕ್ಕೆ ಕಾರಣ ಇದೆ. ನೀವು ಅದನ್ನು ಪಾಲಕ್ ಹಾಗೆ ನಡೆಸಿಕೊಂಡಿರಿ. ಕೇಲ್ ಕೋಸಿನ ಜಾತಿ. ಕೋಸು, ಹೂಕೋಸು, ಬ್ರೊಕೊಲಿ, ಕೊಲಾರ್ಡ್, ಕೇಲ್, ನವಿಲುಕೋಸು ಇವೆಲ್ಲ ಒಂದೇ ಗಿಡದ ಬೇರೆ ಬೇರೆ ರೂಪ. ಎಲೆ ದಪ್ಪ, ಮೇಲೆ ಮೇಣದಂಥ ಪದರ, ನಡುವಿನ ನರ ಗಟ್ಟಿ. ಮೊದಲು ಆ ನರವನ್ನು ಎಳೆದು ತೆಗೆಯಿರಿ. ಎಲೆಗಳನ್ನು ಒಂದರ ಮೇಲೊಂದು ಇಟ್ಟು ಸುರುಳಿ ಸುತ್ತಿ, ಕೋಸಂಬರಿಗೆ ಕೋಸು ಹೆಚ್ಚುವಷ್ಟು ಸಣ್ಣಗೆ ಹೆಚ್ಚಿ. ಆಮೇಲೆ ನಿಮ್ಮ ಕಡೆಯ ಮುದ್ದಿ ಪಲ್ಯ ಮಾಡಿ. ಕೇಲ್‌ಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ.

ಅಳತೆ ಹೇಳುತ್ತೇನೆ. ಅರ್ಧ ಲೋಟ ತೊಗರಿಬೇಳೆ, ಹೆಚ್ಚಿದ ಕೇಲ್ ಒತ್ತಿ ತುಂಬಿದ ನಾಲ್ಕು ಲೋಟ, ಮೂರು ಹಸಿಮೆಣಸಿನಕಾಯಿ, ಚಿಟಿಕೆ ಅರಿಶಿನ, ಒಂದೂವರೆ ಲೋಟ ನೀರು. ಕುಕ್ಕರ್‌ನಲ್ಲಿ ನಾಲ್ಕು ಸೀಟಿ. ಹುಣಸೆಹಣ್ಣನ್ನು ಈಗಲೇ ಹಾಕಬೇಡಿ, ಹುಳಿ ಇದ್ದರೆ ಬೇಳೆ ಬೇಗ ಬೇಯುವುದಿಲ್ಲ. ತೆಗೆದ ಮೇಲೆ ಚೆನ್ನಾಗಿ ಮಸೆದು, ಹುಣಸೆರಸ, ಉಪ್ಪು, ಸಣ್ಣ ಚೂರು ಬೆಲ್ಲ ಹಾಕಿ ಕುದಿಸಿ. ಒಗ್ಗರಣೆಗೆ ಎಣ್ಣೆ ಸ್ವಲ್ಪ ಧಾರಾಳ ಇರಲಿ, ಹತ್ತು ಎಸಳು ಬೆಳ್ಳುಳ್ಳಿ ಜಜ್ಜಿ ಕೆಂಪಗೆ ಹುರಿಯಿರಿ. ರೊಟ್ಟಿಯ ಜೊತೆ ಕೊಟ್ಟು ನೋಡಿ. ಇದು ಯಾವ ತಪ್ಪಲು ಅಂತ ಅತ್ತೆಯವರು ಕೇಳೇ ಕೇಳುತ್ತಾರೆ. ಅಕ್ಟೋಬರ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿದ ಮೇಲೆ ಬರುವ ಕೇಲ್ ಇನ್ನೂ ರುಚಿ. ಚಳಿ ತಡೆದುಕೊಳ್ಳಲು ಗಿಡ ಎಲೆಯಲ್ಲಿ ಸಕ್ಕರೆ ಕೂಡಿಸುತ್ತದೆ.

ಕೊಲಾರ್ಡ್ ಎಲೆ ಬಂದರೆ ನನಗೆ ಹಬ್ಬ. ಅಗಲ ಎಲೆ, ಹರಿಯುವುದಿಲ್ಲ. ನಾನು ಅದರಲ್ಲಿ ಪತ್ರೊಡೆ ಮಾಡುತ್ತೇನೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲ ಅಂದರೆ ಕೆಸುವಿನ ಎಲೆಯ ಪತ್ರೊಡೆ. ಕೆಸುವಿಗೆ ತುರಿಕೆ ಇದೆ, ಅದನ್ನು ಮುರಿಯಲು ಹುಣಸೆ ಜಾಸ್ತಿ ಬೇಕು. ಕೊಲಾರ್ಡ್‌ಗೆ ಆ ಭಯ ಇಲ್ಲ. ಎರಡು ಲೋಟ ಅಕ್ಕಿ ನಾಲ್ಕು ಗಂಟೆ ನೆನೆಸಿ. ಎಂಟು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಲೋಟ ಕಾಯಿತುರಿ, ನಿಂಬೆ ಗಾತ್ರದ ಹುಣಸೆಹಣ್ಣು, ಅಷ್ಟೇ ಬೆಲ್ಲ, ಉಪ್ಪು ಸೇರಿಸಿ ತರಿತರಿಯಾಗಿ, ಗಟ್ಟಿಯಾಗಿ ರುಬ್ಬಿ. ಕೊಲಾರ್ಡ್ ಬಿರುಸು ಎಲೆ, ಹಾಗಾಗಿ ಕುದಿಯುವ ನೀರಲ್ಲಿ ಒಂದು ನಿಮಿಷ ಮುಳುಗಿಸಿ ತೆಗೆಯಿರಿ. ನರದ ಉಬ್ಬನ್ನು ಚಾಕುವಿನಿಂದ ಹೆರೆಯಿರಿ. ಐದು ಎಲೆ ಪೇರಿಸಿ, ನಡುನಡುವೆ ಹಿಟ್ಟು ಸವರಿ, ಸುತ್ತಿ, 35 ನಿಮಿಷ ಹಬೆಯಲ್ಲಿ ಬೇಯಿಸಿ. ಆರಿದ ಮೇಲೆ ಬಿಲ್ಲೆ ಕತ್ತರಿಸಿ ಒಗ್ಗರಣೆಯಲ್ಲಿ ಹೊರಳಿಸಿ.

ಚಾರ್ಡ್ ಬೇರೆ ಮನೆತನ. ಕೆಂಪು, ಹಳದಿ, ಗುಲಾಬಿ ದಂಟಿನ ಈ ಸೊಪ್ಪು ನಮ್ಮ ಬೀಟ್‌ರೂಟ್‌ನ ಜಾತಿಯೇ. ಒಂದನ್ನು ಗಡ್ಡೆಗಾಗಿ ಬೆಳೆಸಿದರು, ಇನ್ನೊಂದನ್ನು ಎಲೆಗಾಗಿ. ಹಾಗಾಗಿ ಬೀಟ್‌ರೂಟ್ ಜೊತೆ ಬರುವ ಎಲೆಯನ್ನು ದಯವಿಟ್ಟು ಎಸೆಯಬೇಡಿ, ಅದೂ ಚಾರ್ಡೇ. ಇವಕ್ಕೆ ನಮ್ಮ ಹಾಸನ, ಮಂಡ್ಯ ಕಡೆಯ ಬಸ್ಸಾರು ಹೇಳಿ ಮಾಡಿಸಿದ್ದು. ಗದಗದಲ್ಲಿ ಇದರ ರೂಢಿ ಕಮ್ಮಿ, ಹಾಗಾಗಿ ಹೇಳುತ್ತೇನೆ. ಒಂದು ಲೋಟ ಹೆಸರುಕಾಳನ್ನು ಜಾಸ್ತಿ ನೀರಿನಲ್ಲಿ ಬೇಯಿಸಿ. ಮುಕ್ಕಾಲು ಬೆಂದಾಗ ಹೆಚ್ಚಿದ ದಂಟು, ಎರಡು ನಿಮಿಷ ಬಿಟ್ಟು ಎಲೆ ಹಾಕಿ. ಇನ್ನು ಐದು ನಿಮಿಷಕ್ಕೆ ನೀರನ್ನು ಪೂರ್ತಿ ಬಸಿದುಕೊಳ್ಳಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿತುರಿ, ಸಾರಿನ ಪುಡಿ, ಹುಣಸೆಹಣ್ಣು, ಒಂದು ಹಿಡಿ ಬೆಂದ ಕಾಳು ಸೊಪ್ಪು ಸೇರಿಸಿ ರುಬ್ಬಿ, ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಗಟ್ಟಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ಕಾಯಿತುರಿ ಹಾಕಿದರೆ ಪಲ್ಯ. ಪಲ್ಯ ರೊಟ್ಟಿಗೆ, ಸಾರು ಅನ್ನಕ್ಕೆ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ ಮುಗಿಯಿತು.

ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದಲ್ಲಿ (ಕಿಡ್ನಿಯಲ್ಲಿ) ಕಲ್ಲು ಆಗಿದ್ದರೆ ಮಾತ್ರ ಎಚ್ಚರ. ಚಾರ್ಡ್, ಬೀಟ್‌ರೂಟ್ ಎಲೆ, ಪಾಲಕ್‌ನಲ್ಲಿ ಆಕ್ಸಲೇಟ್ ಜಾಸ್ತಿ. ಅವರಿಗೆ ಬಸ್ಸಾರು ಬೇಡ, ಕೇಲ್ ಮುದ್ದಿ ಪಲ್ಯ ಕೊಡಿ, ಅದರಲ್ಲಿ ಆಕ್ಸಲೇಟ್ ಕಮ್ಮಿ. ಮಾವನವರು ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುತ್ತಿದ್ದರೆ ಮಾತು ಬೇರೆ. ಕೇಲ್, ಕೊಲಾರ್ಡ್‌ನಲ್ಲಿ ವಿಟಮಿನ್ ಕೆ ತುಂಬ ಇದೆ, ಅದು ಆ ಮಾತ್ರೆಯ ಕೆಲಸ ತಗ್ಗಿಸುತ್ತದೆ. ಒಂದು ವಾರ ತುಂಬ ತಿಂದು ಇನ್ನೊಂದು ವಾರ ಬಿಡುವುದು ಒಳ್ಳೆಯದಲ್ಲ. ಡಾಕ್ಟರನ್ನು ಕೇಳಿಯೇ ಬಡಿಸಿ.

ಘಾಟು, ಕಹಿ ಎಲೆಗಳ ವಿಷಯದಲ್ಲಿ ನಿಮ್ಮ ಕಡೆಯವರಿಗೆ ನಾನು ಹೇಳಿಕೊಡುವುದು ಏನೂ ಇಲ್ಲ, ನೆನಪಿಸುತ್ತೇನೆ ಅಷ್ಟೇ. ಹಕ್ಕರಿಕೆ, ಮೆಂತ್ಯ, ಮೂಲಂಗಿ ಸೊಪ್ಪನ್ನು ಹಸಿಯಾಗಿ ರೊಟ್ಟಿ ಜೊತೆ ತಿನ್ನುವ ಜನ ನೀವು. ಅರುಗುಲಾ ಬಂದರೆ ಅದನ್ನೇ ಮಾಡಿ. ಅರುಗುಲಾವನ್ನು ದೊಡ್ಡದಾಗಿ ಹರಿದು, ಹಸಿ ಈರುಳ್ಳಿ, ಗುರೆಳ್ಳು ಪುಡಿ, ಉಪ್ಪು, ಮೇಲೆ ಹಸಿ ಶೇಂಗಾ ಎಣ್ಣೆ. ಮಿಜುನಾ, ಎಳೆ ಸಾಸಿವೆ ಸೊಪ್ಪು, ಎಸ್ಕರೋಲ್ ಎಲ್ಲ ಹೀಗೇ ಆಗುತ್ತವೆ. ಇಲ್ಲಿಯವರು ಸಲಾಡ್ ಅನ್ನುವುದನ್ನು ನಿಮ್ಮ ಮನೆಯಲ್ಲಿ ಪಚಡಿ ಅಂತ ಎಂದಿನಿಂದಲೋ ತಿನ್ನುತ್ತಿದ್ದೀರಿ. ಸಾರೆಲ್ ಅಂತ ಹುಳಿ ಎಲೆ ಬಂದರೆ ಅದು ಚುಕ್ಕೆ ಸೊಪ್ಪಿನ ನೆಂಟ. ಪುಂಡಿ ಪಲ್ಯದ ಹಾಗೆ ಜೋಳದ ನುಚ್ಚು ಹಾಕಿ ಮಾಡಿ, ಹುಣಸೆ ಬೇಡ.

ಫ್ರಿಜ್ಜಿನಲ್ಲಿ ಒಣಗಿದ ಆ ಹಸಿರು ಗಡ್ಡೆಯ ಮೇಲೆ ಎಲೆಗಳು ಕೊಡೆಯ ಕಡ್ಡಿಯಂತೆ ಎದ್ದಿದ್ದವಾ? ಹಾಗಿದ್ದರೆ ಅದು ಕೊಲ್ರಾಬಿ, ನಮ್ಮ ನವಿಲುಕೋಸು. ಸಂತೆಯಲ್ಲಿ ಗಡ್ಡೆಕೋಸು ಅಂತಲೂ ಮಾರುತ್ತಾರೆ. ಅದು ಮಣ್ಣಿನೊಳಗೆ ಬೆಳೆಯುವ ಗಡ್ಡೆಯಲ್ಲ, ಊದಿದ ಕಾಂಡ. ಸಿಪ್ಪೆಯ ಕೆಳಗೆ ನಾರಿನ ಇನ್ನೊಂದು ಪದರ ಇರುತ್ತದೆ. ಅದಕ್ಕೇ ಚಾಕುವಿನಲ್ಲಿ ದಪ್ಪಗೆ ಹೆರೆಯಬೇಕು, ಪೀಲರ್ ಸಾಲದು. ಎಳೆಯದಿದ್ದರೆ ತುರಿದು, ನೆನೆಸಿದ ಹೆಸರುಬೇಳೆ, ನಿಂಬೆ, ಕಾಯಿ ಹಾಕಿ ಕೋಸಂಬರಿ. ಬಲಿತಿದ್ದರೆ ತೊಗರಿಬೇಳೆ ಹುಳಿ. ಎಲೆಯನ್ನು ಕೇಲ್ ಜೊತೆಗೆ ಸೇರಿಸಿ.

ಉಳಿದ ಗಡ್ಡೆಗಳನ್ನು ಬೇಗ ಹೇಳಿಬಿಡುತ್ತೇನೆ. ಜೂನ್‌ನಲ್ಲಿ ಬರುವ ಬಿಳಿ ಹಕುರೈ ಟರ್ನಿಪ್ ಹಸಿಯಾಗಿಯೇ ಸಿಹಿ, ಹೆಚ್ಚಿ ಉಪ್ಪು ಖಾರ ಸವರಿ ಮಕ್ಕಳಿಗೆ ಕೊಡಿ. ರುಟಬಾಗ ಕೋಸು ಮತ್ತು ಟರ್ನಿಪ್ ಬೆರೆತು ಹುಟ್ಟಿದ್ದು. ಹುಳಿಗೆ ಚೆನ್ನ, ಆದರೆ ತುಂಬ ಹೊತ್ತು ಕುದಿಸಿದರೆ ಕೋಸು ಕುದ್ದ ವಾಸನೆ ಬರುತ್ತದೆ. ಬೇಳೆ ಬೇರೆ ಬೇಯಿಸಿ ಕೊನೆಗೆ ಸೇರಿಸಿ. ಸೆಲೆರಿಯಾಕ್ ನೋಡಲು ಒರಟು, ಬೇರಿನ ಗಂಟು. ದಪ್ಪಗೆ ಸಿಪ್ಪೆ ತೆಗೆದು ಆಲೂಗಡ್ಡೆ ಜೊತೆ ಅರ್ಧಕ್ಕರ್ಧ ಸಾಗು ಮಾಡಿ. ಪಾರ್ಸ್ನಿಪ್ ತುಂಬ ಸಿಹಿ, ಹಸಿಮೆಣಸಿನಕಾಯಿ ಜಾಸ್ತಿ ಬೇಕು.

ಕಾಯಿಗಳ ಕಾಲ ಜುಲೈ, ಆಗಸ್ಟ್. ಝುಕಿನಿ ಬೇಡ ಬೇಡ ಅಂದರೂ ಬರುತ್ತದೆ. ಅದರಲ್ಲಿ ನೀರು ಜಾಸ್ತಿ, ರುಚಿ ಸೌಮ್ಯ. ಪಲ್ಯ ಮಾಡಿದರೆ ಲೊಳಲೊಳ ಆಗುತ್ತದೆ ಅಂತ ದೂರುವವರು ಅದನ್ನು ತುರಿದು, ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು ಹಿಂಡಲಿ. ಆ ನೀರು, ಆ ತುರಿ ಎರಡನ್ನೂ ಹಾಕಿ ಜೋಳದ ಹಿಟ್ಟು, ಕಡಲೆಹಿಟ್ಟಿನ ತಾಲಿಪಟ್ಟು ಕಲಸಿದರೆ ಬೇರೆ ನೀರೇ ಬೇಡ. ನಮ್ಮಲ್ಲಿ ಸೌತೆಕಾಯಿ ತುರಿದು ಅಕ್ಕಿರೊಟ್ಟಿ ತಟ್ಟುತ್ತಾರೆ, ಅದೇ ಲೆಕ್ಕ. ಇನ್ನೊಂದು ದಾರಿ ನಮ್ಮ ಮೊಸರಿನ ಸಾಸಿವೆ. ಝುಕಿನಿಯನ್ನು ಸಣ್ಣ ಹೋಳು ಮಾಡಿ ಎರಡೇ ನಿಮಿಷ ಬೇಯಿಸಿ ಆರಿಸಿ. ಅರ್ಧ ಲೋಟ ಕಾಯಿತುರಿ, ಎರಡು ಒಣಮೆಣಸಿನಕಾಯಿ ನುಣ್ಣಗೆ ರುಬ್ಬಿ, ಒಂದು ಚಮಚ ಸಾಸಿವೆಯನ್ನು ಕೊನೆಯಲ್ಲಿ ಹಾಕಿ ಎರಡು ಸುತ್ತು ತಿರುಗಿಸಿ. ಜಾಸ್ತಿ ರುಬ್ಬಿದರೆ ಸಾಸಿವೆ ಕಹಿ ಬಿಡುತ್ತದೆ. ಗಟ್ಟಿ ಮೊಸರಿಗೆ ಕಲಸಿ. ಬೇಸಿಗೆಗೆ ತಂಪು.

ಝುಕಿನಿ, ಸ್ಕ್ವಾಷ್ (ಕುಂಬಳದ ಜಾತಿಯ ಕಾಯಿಗಳು) ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಇಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಕಟು ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಕಹಿ ಸೋರೆಕಾಯಿಯಲ್ಲಿರುವ ವಿಷವೇ ಇದರಲ್ಲೂ ಒಮ್ಮೊಮ್ಮೆ ಇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಬರುವ ಬಟರ್‌ನಟ್ ಅಂದರೆ ನಮ್ಮ ಸಿಹಿಗುಂಬಳದ ಒಡಹುಟ್ಟು. ಹುಳಿ, ಗೊಜ್ಜು, ಪಾಯಸ, ಕಡುಬು ಎಲ್ಲಕ್ಕೂ ಸೈ. ಸಿಪ್ಪೆಯನ್ನು ಎಣ್ಣೆಯಲ್ಲಿ ಹುರಿದು ಉದ್ದಿನಬೇಳೆ, ಹುಣಸೆ, ಕಾಯಿ ಸೇರಿಸಿ ಚಟ್ನಿ ಮಾಡಿ. ಸ್ಪಗೆಟಿ ಸ್ಕ್ವಾಷ್ ಮಾತ್ರ ಹುಳಿಗೆ ಹಾಕಬೇಡಿ, ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಆ ಗುಣವನ್ನೇ ಬಳಸಿಕೊಳ್ಳಿ. ಅಡ್ಡ ಕತ್ತರಿಸಿ ಹಬೆಯಲ್ಲಿ ಬೇಯಿಸಿ, ಫೋರ್ಕ್‌ನಿಂದ ಎಳೆ ಬಿಡಿಸಿ, ಶಾವಿಗೆ ಚಿತ್ರಾನ್ನದ ಒಗ್ಗರಣೆ ಕೊಟ್ಟು ನಿಂಬೆ ಹಿಂಡಿ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ರಾತ್ರಿ ಊಟಕ್ಕೆ ಹಗುರ. ಕಾಗದದಂಥ ಸಿಪ್ಪೆಯೊಳಗೆ ಹಸಿರು ಟೊಮ್ಯಾಟೊ ಹಾಗೆ ಕಾಣುವುದು ಟೊಮ್ಯಾಟಿಲ್ಲೊ. ಸಿಪ್ಪೆ ಬಿಡಿಸಿ, ಅಂಟು ತೊಳೆದು, ಟೊಮ್ಯಾಟೊ ಕಾಯಿ ಚಟ್ನಿ ಹಾಗೇ ಶೇಂಗಾ ಹಾಕಿ ರುಬ್ಬಿ.

ಎಲ್ಲವೂ ನಮ್ಮ ಒಲೆಗೆ ಒಗ್ಗುತ್ತವೆ ಅಂತ ನಾನು ಹೇಳುವುದಿಲ್ಲ. ಫೆನ್ನೆಲ್ ಗಡ್ಡೆಗೆ ಸೋಂಪಿನ ವಾಸನೆ. ಇಂಗಿನ ಒಗ್ಗರಣೆ ಬಿದ್ದ ಕೂಡಲೇ ಎರಡೂ ಸೇರಿ ಬಾಯಿ ಕೆಡುತ್ತದೆ. ಇಂಗು ಬಿಟ್ಟು, ತೆಳ್ಳಗೆ ಹೆಚ್ಚಿ ಮೊಸರಲ್ಲಿ ಹಸಿಯಾಗಿ ಕಲಸಿದರೆ ಪರವಾಗಿಲ್ಲ. ನಾನಂತೂ ಅದನ್ನು ಬದಲಿ ಬುಟ್ಟಿಗೆ ಹಾಕಿ ಎರಡು ಕಟ್ಟು ಚಾರ್ಡ್ ತರುತ್ತೇನೆ. ರೂಬಾರ್ಬ್ ಬಂದರೆ ದಂಟು ಮಾತ್ರ ಬಳಸಿ, ಹುಳಿ ಇರುವುದರಿಂದ ಗೊಜ್ಜಿಗೆ ಒಳ್ಳೆಯದು. ಅದರ ಎಲೆ ವಿಷ, ಸೊಪ್ಪು ಅಂತ ತಿಳಿದು ಹಿರಿಯರು ಪಲ್ಯಕ್ಕೆ ಹೆಚ್ಚಿಯಾರು, ಅದಕ್ಕೇ ಮೊದಲೇ ಹೇಳಿಡಿ.

ಮಾವನವರಿಗೆ ಒಂದು ಕೆಲಸ ಹೇಳುತ್ತೇನೆ. ಇಲ್ಲಿನ ಹೊಲಗಳಲ್ಲಿ ಕಳೆ ಅಂತ ಕಿತ್ತೆಸೆಯುವುದರಲ್ಲಿ ಗೋಳಿ ಸೊಪ್ಪು ಇರುತ್ತದೆ. ಇಲ್ಲಿ ಅದಕ್ಕೆ ಪರ್ಸ್ಲೇನ್ ಅನ್ನುತ್ತಾರೆ. ನಮ್ಮ ರಾಜಗಿರಿಯ ನೆಂಟನೂ ಕಾಡುಕಾಡಾಗಿ ಬೆಳೆದಿರುತ್ತದೆ. ಕೇಳಿದರೆ ರೈತರು ಖುಷಿಯಿಂದ ಕೊಡುತ್ತಾರೆ. ಗೋಳಿಯ ಹಾಗೇ ನೆಲಕ್ಕೆ ಹಬ್ಬುವ ಸ್ಪರ್ಜ್ ಅನ್ನುವ ಇನ್ನೊಂದು ಕಳೆ ಇದೆ, ಅದು ವಿಷ. ದಂಟು ಮುರಿದಾಗ ಬಿಳಿ ಹಾಲು ಬಂದರೆ ಮುಟ್ಟಬೇಡಿ. ಗೋಳಿ ದಂಟು ದಪ್ಪ, ರಸ ನೀರಿನಂತೆ. ರಸ್ತೆ ಬದಿಯದ್ದು, ಔಷಧಿ ಹೊಡೆದ ಹುಲ್ಲುಹಾಸಿನದ್ದು ಬೇಡ.

ಪ್ರತಿ ಪೆಟ್ಟಿಗೆಗೂ ಮನೆಗೆ ಬಂದ ಮೊದಲ ಅರ್ಧ ಗಂಟೆ ಕೊಡಿ. ಅತ್ತೆಯವರ ಜೊತೆ ಕೂತು ಬಿಡಿಸಿದರೆ ಅದೂ ಒಂದು ಮಾತಿನ ಹೊತ್ತು. ಗಡ್ಡೆಗಳಿಂದ ಎಲೆಯನ್ನು ಕೂಡಲೇ ಕತ್ತರಿಸಿ, ಇಲ್ಲದಿದ್ದರೆ ಎಲೆ ಗಡ್ಡೆಯ ನೀರು ಎಳೆದು ಎರಡೂ ಬಾಡುತ್ತವೆ. ಸೊಪ್ಪನ್ನು ತೊಳೆದು, ಚೆನ್ನಾಗಿ ಆರಿಸಿ, ಹಳೆಯ ಪಂಚೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ. ಟೊಮ್ಯಾಟೊ, ತುಳಸಿ ಜಾತಿಯ ಬೇಸಿಲ್, ಬಟರ್‌ನಟ್‌ನಂಥ ಗಟ್ಟಿ ಸಿಪ್ಪೆಯ ಸ್ಕ್ವಾಷ್ ಫ್ರಿಜ್ಜಿನ ಹೊರಗೆ. ಎಳೆ ಎಲೆ ಮೊದಲ ಎರಡು ದಿನಕ್ಕೆ, ಚಾರ್ಡ್ ಮೂರನೇ ದಿನಕ್ಕೆ, ಕೇಲ್ ವಾರದ ಕೊನೆಗೆ. ಗಡ್ಡೆಗಳು ಮುಂದಿನ ವಾರವೂ ಕಾಯುತ್ತವೆ.

ಜೂನ್ ಮೊದಲ ಪೆಟ್ಟಿಗೆಯಲ್ಲಿ ನಿಮಗೆ ಹೆಚ್ಚುಕಮ್ಮಿ ಬರುವುದು ಅರುಗುಲಾ, ಮೂಲಂಗಿ, ಹಕುರೈ, ಬೋಕ್ ಚಾಯ್, ಕೇಲ್, ಲೆಟಿಸ್. ಎರಡು ಮೂರು ವಾರಕ್ಕೆ ಬೆಳ್ಳುಳ್ಳಿ ದಂಟು ಬರುತ್ತದೆ, ಹಾವಿನ ಮರಿಯಂತೆ ಸುರುಳಿ ಸುರುಳಿ. ಗಡ್ಡೆ ದಪ್ಪ ಆಗಲಿ ಅಂತ ರೈತರು ಹೂವಿನ ದಂಟನ್ನು ಕತ್ತರಿಸುತ್ತಾರೆ, ಅದೇ ಇದು. ಹಸಿಮೆಣಸಿನಕಾಯಿ, ಹುರಿದ ಶೇಂಗಾ, ಉಪ್ಪು, ಜೀರಿಗೆ ಜೊತೆ ಕುಟ್ಟಿ ಚಟ್ನಿ ಮಾಡಿ. ಮೊದಲ ದಿನ ಅರುಗುಲಾ, ಮೂಲಂಗಿ ಪಚಡಿ. ಮರುದಿನ ಬೋಕ್ ಚಾಯ್‌ಗೆ ಕಡಲೆಹಿಟ್ಟು ಉದುರಿಸಿ ಹಿಟ್ಟಿನ ಪಲ್ಯ, ಮೂಲಂಗಿ ಸೊಪ್ಪನ್ನೂ ಅದಕ್ಕೇ ಸೇರಿಸಿ. ಮೂರನೇ ದಿನ ಹಕುರೈ ಎಲೆ ಬಸ್ಸಾರು. ಭಾನುವಾರ ಕೇಲ್ ಮುದ್ದಿ ಪಲ್ಯ, ಬಿಸಿ ರೊಟ್ಟಿ. ಸಣ್ಣ ಹೊಲಗಳ ಪಾಲು ಮಾರ್ಚ್ ಮುಗಿಯುವ ಮುಂಚೆಯೇ ತುಂಬಿಹೋಗುತ್ತದೆ, ಹಾಗಾಗಿ ಪಕ್ಕದ ಮನೆಯವರನ್ನು ಈ ವಾರವೇ ಕೇಳಿ.